ವಿಮಾನ ಸಂಸ್ಥೆಯ ಪೈಲಟ್ ಆಯ್ಕೆ: ಲಿಖಿತ ಪರೀಕ್ಷೆ, ಸಿಮ್ಯುಲೇಟರ್ ಮತ್ತು ಸಂದರ್ಶನಕ್ಕೆ ತಯಾರಿ ಹೇಗೆ?

ಸೇಡಂ ಸೀಮೆ (ಕಲಬುರಗಿ)

ಎಲ್ಲರಿಗೂ ಶರಣು. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅದರ ಜೊತೆಗೆ ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಮುಗಿಸಿ ಊರಿಗೆ ಬಂದಿದ್ದೇನೆ. ಈಗ ದೊಡ್ಡ ವಿಮಾನ ಸಂಸ್ಥೆಯೊಂದರಿಂದ ಜೂನಿಯರ್ ಫಸ್ಟ್ ಆಫೀಸರ್ (ಕೋ ಪೈಲಟ್) ಹುದ್ದೆಯ ಲಿಖಿತ ಪರೀಕ್ಷೆಗೆ ಕರೆ ಬಂದಿದೆ. ಅದರಲ್ಲಿ ಪಾಸಾದವರಿಗೆ ಕಂಪ್ಯೂಟರಿನ ಮುಂದೆ ಆಪ್ಟಿಟ್ಯೂಡ್ ಪರೀಕ್ಷೆ, ನಂತರ ಗುಂಪು ಚರ್ಚೆ, ಸಿಮ್ಯುಲೇಟರ್, ಕೊನೆಗೆ ಸಂದರ್ಶನ ಇರುತ್ತದೆ ಎಂದು ತಿಳಿಸಿದ್ದಾರೆ.

ನನ್ನ ಚಿಂತೆ ಎರಡು. ಸ್ನೇಹಿತರ ಗುಂಪುಗಳಲ್ಲಿ ಸಾವಿರಾರು ಪ್ರಶ್ನೆಗಳಿರುವ ಪಿಡಿಎಫ್‌ಗಳು ಓಡಾಡುತ್ತಿವೆ. ಅವುಗಳನ್ನು ಬಾಯಿಪಾಠ ಮಾಡಿದರೆ ಸಾಕೇ, ಅಥವಾ ಪುಸ್ತಕಗಳನ್ನು ಮತ್ತೆ ಮೊದಲಿನಿಂದ ಓದಬೇಕೇ? ಎರಡನೆಯದು, ನಾನು ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ರೇಡಿಯೋದಲ್ಲಿ ಮಾತನಾಡುವುದಕ್ಕೆ ತೊಂದರೆಯಿಲ್ಲ. ಆದರೆ ಮೂವರು ಕ್ಯಾಪ್ಟನ್‌ಗಳ ಎದುರು ಕುಳಿತು ಇಂಗ್ಲಿಷಿನಲ್ಲಿ ವಿವರಿಸುವುದೆಂದರೆ ಗೊತ್ತಿರುವ ವಿಷಯವೂ ನಾಲಿಗೆಗೆ ಬರುವುದಿಲ್ಲ. ನಮ್ಮ ಭಾಗದಿಂದ ಹೋಗಿ ಈ ಹಂತಗಳನ್ನು ದಾಟಿದವರು ಇದ್ದರೆ ದಯವಿಟ್ಟು ದಾರಿ ಹೇಳಿ.

ಮಾಂಜ್ರಾ ದಂಡೆ (ಭಾಲ್ಕಿ, ಸದ್ಯ ಹೈದರಾಬಾದ್)

ತಮ್ಮಾ, ಕರೆ ಬಂದಿರುವುದು ಕೇಳಿ ಸಂತೋಷವಾಯಿತು. ನಾನು ಎ-320 ವಿಮಾನದಲ್ಲಿ ಫಸ್ಟ್ ಆಫೀಸರ್ ಆಗಿದ್ದೇನೆ.

ಪ್ರಶ್ನೆಗಳ ಪಿಡಿಎಫ್ ಬಗ್ಗೆ ಮೊದಲು ಹೇಳುತ್ತೇನೆ. ಲಿಖಿತ ಪರೀಕ್ಷೆಯಲ್ಲಿ ಬರುವುದು ನೀವು ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಪರೀಕ್ಷೆಗೆ ಓದಿದ ವಿಷಯಗಳೇ: ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ಸ್, ಟೆಕ್ನಿಕಲ್ ಜನರಲ್. ಅಲ್ಲಿ ಶೇ 70 ಅಂಕ ಪಡೆದು ಪಾಸಾಗಿದ್ದೀರಿ ಎಂಬುದು ಆಯ್ಕೆ ಮಾಡುವವರಿಗೆ ಗೊತ್ತಿರುತ್ತದೆ. ಆಗ ತಿಳಿದದ್ದು ಈಗಲೂ ತಲೆಯಲ್ಲಿ ಉಳಿದಿದೆಯೇ ಎಂದು ಅವರು ನೋಡುತ್ತಾರೆ. ಬಹು ಆಯ್ಕೆಯ ಪ್ರಶ್ನೆಗಳನ್ನು ವೇಗವಾಗಿ ಬಿಡಿಸುವ ರೂಢಿಗೆ ಆ ಪಿಡಿಎಫ್‌ಗಳು ಉಪಯೋಗಕ್ಕೆ ಬರುತ್ತವೆ, ಅದಕ್ಕಿಂತ ಹೆಚ್ಚಿಗೆ ಅಲ್ಲ. ಸಂದರ್ಶನದಲ್ಲಿ ಪ್ರಶ್ನೆ ಒಂದರ ಕೆಳಗೆ ಒಂದರಂತೆ ಇಳಿಯುತ್ತಾ ಹೋಗುತ್ತದೆ. ಬಾಯಿಪಾಠ ಮಾಡಿದವರು ಮೊದಲ ಮೆಟ್ಟಿಲಿನಲ್ಲಿ ಉತ್ತರಿಸುತ್ತಾರೆ, ಎರಡನೆಯದರಲ್ಲಿ ತಡವರಿಸುತ್ತಾರೆ, ಮೂರನೆಯದರಲ್ಲಿ ನಿಂತುಬಿಡುತ್ತಾರೆ.

ಉದಾಹರಣೆಗೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ಸಾಂದ್ರತೆಗೆ ಸಮನಾದ ಎತ್ತರವನ್ನು ತೆಗೆದುಕೊಳ್ಳೋಣ. ವ್ಯಾಖ್ಯೆ ಎಲ್ಲರಿಗೂ ಗೊತ್ತು. ಆದರೆ ಕೇಳುವವರು, "ನೀವು ಕಲಬುರಗಿಯವರಂತೆ, ಮೇ ತಿಂಗಳಲ್ಲಿ ಅಲ್ಲಿ ಎಷ್ಟು ಬಿಸಿಲು, ಅದು ಟೇಕಾಫ್‌ಗೆ ಏನು ಮಾಡುತ್ತದೆ, ಲೆಕ್ಕ ಮಾಡಿ ಹೇಳಿ" ಎನ್ನಬಹುದು. ಆಗ ಹೀಗೆ ಹೋಗಬೇಕು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಪ್ರಮಾಣಿತ ವಾತಾವರಣದಲ್ಲಿ ಆ ಎತ್ತರದ ಉಷ್ಣಾಂಶ 15 ಡಿಗ್ರಿಯಿಂದ 3 ಕಳೆದು 12 ಡಿಗ್ರಿ. ಮಧ್ಯಾಹ್ನದ ಉಷ್ಣಾಂಶ 42 ಎಂದರೆ ವ್ಯತ್ಯಾಸ 30. ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ 3,600 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 5,100 ಅಡಿ. ನೆಲದ ಮೇಲೆ ನಿಂತಿದ್ದರೂ ರೆಕ್ಕೆ ಮತ್ತು ಎಂಜಿನ್ ಪಾಲಿಗೆ ನೀವು ಐದು ಸಾವಿರ ಅಡಿ ಎತ್ತರದಲ್ಲಿದ್ದೀರಿ.

ಇಲ್ಲಿಂದ ಮುಂದಿನ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಸ್ಪೀಡ್ ಇಂಡಿಕೇಟರ್‌ನಲ್ಲಿ ಅದೇ ವೇಗ ಕಂಡರೂ ನಿಜವಾದ ವೇಗ ಸುಮಾರು ಶೇ 8ರಷ್ಟು ಹೆಚ್ಚು ಇರುವುದರಿಂದ ಓಟದ ದೂರ ಹೆಚ್ಚುತ್ತದೆ. ಸೆಸ್ನಾದ ಪಿಸ್ಟನ್ ಎಂಜಿನ್‌ಗೆ ಗಾಳಿ ತೆಳುವಾದಂತೆ ಶಕ್ತಿ ಇಳಿಯುತ್ತದೆ. ಜೆಟ್ ಎಂಜಿನ್ ಒಂದು ನಿರ್ದಿಷ್ಟ ಉಷ್ಣಾಂಶದವರೆಗೆ ಪೂರ್ಣ ಥ್ರಸ್ಟ್ ಕೊಡುತ್ತದೆ, ಅದಕ್ಕಿಂತ ಬಿಸಿಯಾದರೆ ಅದೂ ಇಳಿಯುತ್ತದೆ. "ಕಲಬುರಗಿಯ ರನ್‌ವೇ 3,175 ಮೀಟರ್ ಇದೆಯಲ್ಲ, ಇಷ್ಟು ಉದ್ದ ಇದ್ದ ಮೇಲೆ ತೂಕ ಏಕೆ ಕಡಿಮೆ ಮಾಡಬೇಕು?" ಎಂದು ಕೇಳಿದರೆ ಹೆಚ್ಚಿನವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ರನ್‌ವೇ ಸಾಲುತ್ತದೆ. ಆದರೆ ಒಂದು ಎಂಜಿನ್ ಕೆಟ್ಟು ಚಕ್ರ ಮೇಲೆತ್ತಿದ ನಂತರವೂ ಎರಡು ಎಂಜಿನ್‌ಗಳ ವಿಮಾನ ಮುಂದೆ ಸಾಗಿದ ದೂರದ ಕನಿಷ್ಠ ಶೇ 2.4ರಷ್ಟು ಏರಿಕೆಯನ್ನು ಸಾಧಿಸಬೇಕು ಎಂಬ ನಿಯಮವಿದೆ. ಬಿಸಿಲಿನಲ್ಲಿ ತೂಕಕ್ಕೆ ಕಡಿವಾಣ ಹಾಕುವುದು ಹಲವು ಸಲ ಅದೇ ಏರಿಕೆ. ಈ ಒಂದು ಉತ್ತರದಿಂದ ನೀವು ವಿಷಯವನ್ನು ಓದಿದ್ದೀರೋ ಅರಿತಿದ್ದೀರೋ ಎಂಬುದು ಅವರಿಗೆ ತಿಳಿದುಬಿಡುತ್ತದೆ.

ಹಳೆಯ ಬೋಧಕ (ಬೀದರ)

ಮಾಂಜ್ರಾ ದಂಡೆಯವರು ಬರೆದದ್ದನ್ನು ಓದಿ ಮನಸ್ಸು ತುಂಬಿತು. ನಾನು ವಾಯುಪಡೆಯಲ್ಲಿ ಹಾರಾಟ ಕಲಿಸಿ ನಿವೃತ್ತನಾಗಿ ಇಲ್ಲಿಯೇ ನೆಲೆಸಿದ್ದೇನೆ. ಬೆಳಿಗ್ಗೆ ಹಾಕ್ ವಿಮಾನಗಳ ಸದ್ದು ಕೇಳಿಸಿದರೆ ಇಂದಿಗೂ ಕಿಟಕಿಯ ಹತ್ತಿರ ಹೋಗುತ್ತೇನೆ.

ಆ ಲೆಕ್ಕಕ್ಕೆ ಒಂದು ಸಂಗತಿ ಸೇರಿಸಬೇಕು. ಅದರಲ್ಲಿ ಸಮುದ್ರಮಟ್ಟದ ಒತ್ತಡ ಪ್ರಮಾಣಿತ 1013 ಹೆಕ್ಟೋಪಾಸ್ಕಲ್ ಇದೆ ಎಂದು ಹಿಡಿಯಲಾಗಿದೆ. ಬೇಸಿಗೆಯಲ್ಲಿ ಬಿಸಿ ನೆಲದ ಮೇಲೆ ಒತ್ತಡ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಅಂದು ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡ) 1003 ಇದ್ದರೆ, ಪ್ರತಿ ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿಯಂತೆ 300 ಅಡಿ ಸೇರಿ ಪ್ರೆಶರ್ ಆಲ್ಟಿಟ್ಯೂಡ್ (ಒತ್ತಡದ ಲೆಕ್ಕದ ಎತ್ತರ) 1,800 ಅಡಿ ಆಗುತ್ತದೆ, ಅಲ್ಲಿಂದ ಉಷ್ಣಾಂಶದ ಲೆಕ್ಕ ಹಾಕಿದರೆ ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 5,500 ಅಡಿಗೆ ತಲುಪುತ್ತದೆ. ಸಂದರ್ಶಕರು ಒತ್ತಡವನ್ನು ಹೇಳದೆ ಬಿಟ್ಟಿದ್ದರೆ, "ಕ್ಯೂಎನ್‌ಎಚ್ ಎಷ್ಟು ಎಂದು ಹಿಡಿಯಲಿ, ಸರ್?" ಎಂದು ತಿರುಗಿ ಕೇಳುವುದು ತಪ್ಪಲ್ಲ. ಕಾಕ್‌ಪಿಟ್‌ನಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ಊಹಿಸದೆ ಕೇಳಿಕೊಳ್ಳುವವನೇ ಬೇಕು, ಆ ಗುಣ ಅವರಿಗೆ ಅಲ್ಲಿಯೇ ಕಾಣಿಸುತ್ತದೆ.

ಇನ್ನೊಂದು ವಿಷಯ ರೆಗ್ಯುಲೇಶನ್ಸ್. ಹಳೆಯ ನೋಟ್ಸ್ ಓದುವವರು ಇಂದಿಗೂ 1934ರ ಏರ್‌ಕ್ರಾಫ್ಟ್ ಆ್ಯಕ್ಟ್ ಎಂದೇ ಉತ್ತರಿಸುತ್ತಾರೆ. ಅದರ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹಾರಾಟದ ಅವಧಿ ಮತ್ತು ವಿಶ್ರಾಂತಿಯ ನಿಯಮಗಳೂ ಬದಲಾಗಿವೆ. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದೆ. ಮದ್ಯ ಸೇವಿಸಿದ 12 ಗಂಟೆಗಳೊಳಗೆ ಹಾರುವಂತಿಲ್ಲ, ಉಸಿರಿನ ಪರೀಕ್ಷೆಯಲ್ಲಿ ಮದ್ಯದ ಅಂಶವೇ ಇರಬಾರದು ಎಂಬುದನ್ನು ಸಂಖ್ಯೆಯೊಂದಿಗೆ ಹೇಳಲು ಬರಬೇಕು. ಇವು ದೊಡ್ಡ ಪ್ರಶ್ನೆಗಳಲ್ಲ, ಆದರೆ ಇವುಗಳಲ್ಲಿ ಎಡವಿದರೆ ನೀವು ಲೈಸೆನ್ಸ್ ಸಿಕ್ಕ ದಿನವೇ ಪುಸ್ತಕ ಮುಚ್ಚಿಟ್ಟಿದ್ದೀರಿ ಎಂಬುದು ಗೊತ್ತಾಗುತ್ತದೆ.

ಸೇಡಂ ಸೀಮೆ

ಸರ್, ಅಣ್ಣಾ, ಇಬ್ಬರಿಗೂ ಕೃತಜ್ಞತೆಗಳು. ನಾನು ಇಂದು ವಿ-ಒನ್ ಬಗ್ಗೆ ನನ್ನದೇ ಮಾತಿನಲ್ಲಿ ಬರೆಯಲು ಪ್ರಯತ್ನಿಸಿದೆ. ಸರಿಯಿದೆಯೇ ನೋಡಿ: "ವಿ-ಒನ್ ಎಂದರೆ ಟೇಕಾಫ್ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಪೈಲಟ್ ನಿರ್ಧರಿಸುವ ವೇಗ."

ಮಾಂಜ್ರಾ ದಂಡೆ

ತಮ್ಮಾ, ಹೆಚ್ಚಿನ ಪುಸ್ತಕಗಳಲ್ಲಿ ಇರುವುದು ಇದೇ, ಆದರೆ ಸಂದರ್ಶಕರು ಕಾಯುತ್ತಿರುವುದೂ ಇದೇ ಉತ್ತರಕ್ಕೆ. ವಿ-ಒನ್ ಬಂದಾಗ ನಿರ್ಧರಿಸಲು ಹೊರಟರೆ ತಡವಾಗಿರುತ್ತದೆ. ನಿಲ್ಲಿಸುವುದಾದರೆ ಆ ವೇಗದ ಹೊತ್ತಿಗೆ ನಿಲ್ಲಿಸುವ ಮೊದಲ ಕ್ರಮ ಕೈಯಿಂದ ನಡೆದಿರಬೇಕು, ನಿರ್ಧಾರ ಅದಕ್ಕೂ ಮುಂಚೆ ಆಗಿರಬೇಕು. ಅದರ ನಂತರ ಎಂಜಿನ್ ಕೆಟ್ಟರೆ ಮುಂದುವರಿಯುವುದೊಂದೇ ದಾರಿ. ಹಾಗೆ ಮುಂದುವರಿದರೂ ಲಭ್ಯ ಇರುವ ದೂರದೊಳಗೆ 35 ಅಡಿ ಎತ್ತರ ತಲುಪಬಹುದು ಎಂಬುದನ್ನು ಅದೇ ವಿ-ಒನ್ ಖಾತ್ರಿಪಡಿಸುತ್ತದೆ. ನಿಲ್ಲುವುದಕ್ಕೆ ಅದು ಗರಿಷ್ಠ, ಹೋಗುವುದಕ್ಕೆ ಅದು ಕನಿಷ್ಠ. ಈ ಎರಡು ಮುಖಗಳನ್ನೂ ಹೇಳಿದರೆ ಉತ್ತರ ಪೂರ್ಣವಾಗುತ್ತದೆ.

ನಂತರದ ಪ್ರಶ್ನೆ ಬಹುತೇಕ ಖಚಿತ: ರನ್‌ವೇ ಒದ್ದೆಯಿದ್ದರೆ ವಿ-ಒನ್ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಬ್ರೇಕ್ ಹಿಡಿಯುವುದು ಕಡಿಮೆಯಾದ್ದರಿಂದ ಬೇಗ ನಿಲ್ಲಿಸಲು ತೊಡಗಬೇಕು, ಆದ್ದರಿಂದ ಕಡಿಮೆಯಾಗುತ್ತದೆ. ಆಗ ಎಂಜಿನ್ ಕೆಟ್ಟು ಮುಂದುವರಿದರೆ ಹೆಚ್ಚು ದೂರ ಬೇಕಾಗುವುದಿಲ್ಲವೇ ಎಂದು ಕೇಳುತ್ತಾರೆ. ಬೇಕಾಗುತ್ತದೆ, ಅದಕ್ಕಾಗಿಯೇ ಒದ್ದೆ ರನ್‌ವೇಯಲ್ಲಿ 35 ಅಡಿಯ ಬದಲು 15 ಅಡಿಗೆ ಅವಕಾಶ ಕೊಟ್ಟಿದ್ದಾರೆ. ಹೀಗೆ ಪ್ರತಿ ವಿಷಯಕ್ಕೂ ನೀವೇ ಮೂರು ಮೆಟ್ಟಿಲು ಕೆಳಗೆ ಇಳಿದು ನೋಡಿ. ಡಚ್ ರೋಲ್ (ವಿಮಾನ ಅಕ್ಕಪಕ್ಕ ವಾಲುತ್ತಾ ಮೂಗು ತಿರುಗಿಸುತ್ತಾ ಓಲಾಡುವುದು) ಎಂದರೆ ಅದನ್ನು ತಡೆಯುವ ಯಾ ಡ್ಯಾಂಪರ್‌ವರೆಗೆ, ಕ್ರಿಟಿಕಲ್ ಎಂಜಿನ್ (ಕೆಟ್ಟರೆ ಹೆಚ್ಚು ತೊಂದರೆ ಕೊಡುವ ಎಂಜಿನ್) ಎಂದರೆ ನಿಮ್ಮ ಮಲ್ಟಿ ಎಂಜಿನ್ ವಿಮಾನದಲ್ಲಿ ಅದು ಎಡದ್ದೇ ಏಕೆ, ಅಥವಾ ಅಂಥ ಎಂಜಿನ್ ಇರಲಿಲ್ಲವೇ ಎಂಬಲ್ಲಿಯವರೆಗೆ. ನೀವು ಹಾರಿಸಿದ ವಿಮಾನದ ಬಗ್ಗೆಯೇ ಮೊದಲು ಕೇಳುತ್ತಾರೆ. ಏರ್‌ಬಸ್‌ನ ಹೈಡ್ರಾಲಿಕ್ಸ್ ಓದಿಕೊಂಡು ಹೋಗಿ, ಸೆಸ್ನಾದ ಇಂಧನ ವ್ಯವಸ್ಥೆಯನ್ನು ಬಿಡಿಸಿ ತೋರಿಸಲಾಗದೆ ಕುಳಿತವರನ್ನು ಕಂಡಿದ್ದೇನೆ.

ಭೀಮಾ ಕಣಿವೆ (ಶಹಾಪುರ, ಯಾದಗಿರಿ)

ಸೇಡಂ ಸೀಮೆಯ ತಮ್ಮನಿಗೆ ಇಂಗ್ಲಿಷಿನ ವಿಷಯದಲ್ಲಿ ನಾನು ಉತ್ತರಿಸುತ್ತೇನೆ, ಏಕೆಂದರೆ ನಾನೂ ಕನ್ನಡ ಮಾಧ್ಯಮದಿಂದಲೇ ಬಂದು ಈಗ ಎಟಿಆರ್ 72 ಹಾರಿಸುತ್ತಿದ್ದೇನೆ.

ಅಂತರರಾಷ್ಟ್ರೀಯ ನಿಯಮ ಕೇಳುವುದು ಇಂಗ್ಲಿಷ್ ಪ್ರಾವೀಣ್ಯದ ನಾಲ್ಕನೆಯ ಹಂತವನ್ನು. ಉಚ್ಚಾರದಲ್ಲಿ ತಾಯ್ನುಡಿಯ ಛಾಯೆ ಇರಬಹುದು, ಆದರೆ ಕೇಳುವವರಿಗೆ ಅರ್ಥವಾಗಬೇಕು ಎಂಬುದೇ ಆ ಹಂತದ ತಿರುಳು. ಸಂದರ್ಶಕರೂ ಅದನ್ನೇ ಬಯಸುತ್ತಾರೆ. ಆದ್ದರಿಂದ ಅಲಂಕಾರದ ಇಂಗ್ಲಿಷ್ ಕಲಿಸುವ ತರಗತಿಗಳಿಗೆ ಹಣ ಸುರಿಯಬೇಡ. ಒಂದು ವಿಷಯವನ್ನು ಮೊದಲು ಕನ್ನಡದಲ್ಲಿ, ವಿಮಾನದ ಬಗ್ಗೆ ಏನೂ ಗೊತ್ತಿಲ್ಲದ ಮನೆಯವರಿಗೆ ತಿಳಿಯುವಂತೆ ವಿವರಿಸು. ನನ್ನ ತಾಯಿಗೆ ನಾನು ಡೌನ್‌ಬರ್ಸ್ಟ್ ವಿವರಿಸಿದ್ದು ಹೀಗೆ: ಮೇ ತಿಂಗಳಲ್ಲಿ ಹೊಲದಲ್ಲಿ ನಿಂತಿರುವಾಗ ದೂರದಲ್ಲಿ ಗುಡುಗು ಮೋಡ ಕಾಣಿಸುತ್ತದೆ, ನಮ್ಮಲ್ಲಿ ಇನ್ನೂ ಹನಿ ಬಿದ್ದಿರುವುದಿಲ್ಲ, ಅಷ್ಟರಲ್ಲಿ ಒಮ್ಮೆಲೇ ತಣ್ಣನೆಯ ಗಾಳಿ ಧೂಳೆಬ್ಬಿಸಿಕೊಂಡು ಬಂದು ಕಣದಲ್ಲಿನ ಹೊಟ್ಟನ್ನೆಲ್ಲ ಹಾರಿಸುತ್ತದೆ. ಆ ಗಾಳಿ ಮೋಡದಿಂದ ಕೆಳಗೆ ಸುರಿದು, ನೆಲಕ್ಕೆ ಬಡಿದು, ನಾಲ್ಕೂ ಕಡೆಗೆ ಹರಡಿದ್ದು. ವಿಮಾನ ಅದರ ಮೂಲಕ ಇಳಿಯುವಾಗ ಮೊದಲು ಎದುರುಗಾಳಿ ಹೆಚ್ಚಾಗಿ ವೇಗ ಏರುತ್ತದೆ, ನಂತರ ಕೆಳಮುಖದ ಗಾಳಿ ಒತ್ತುತ್ತದೆ, ಕೊನೆಗೆ ಹಿಂದಿನ ಗಾಳಿ ಬಂದು ವೇಗ ಕುಸಿಯುತ್ತದೆ. ಮೊದಲು ಹೆಚ್ಚಿದ ವೇಗವನ್ನು ಕಂಡು ಪವರ್ ಕಡಿಮೆ ಮಾಡಿದವರು ಅಪಾಯಕ್ಕೆ ಸಿಲುಕುತ್ತಾರೆ. ಇಷ್ಟು ತಾಯಿಗೆ ತಿಳಿಯಿತು ಎಂದ ಮೇಲೆ ಅದೇ ಮಾತನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ, ಮೊಬೈಲ್‌ನಲ್ಲಿ ದನಿ ಮುದ್ರಿಸಿಕೊಳ್ಳುತ್ತಾ ಹೇಳಿದೆ. ವಿಷಯದ ಎಳೆ ತಲೆಯಲ್ಲಿ ಸರಿಯಾಗಿದ್ದರೆ ಭಾಷೆ ಅದನ್ನು ಹಿಂಬಾಲಿಸುತ್ತದೆ.

ಸಂದರ್ಶನದಲ್ಲಿ ತಾಂತ್ರಿಕ ವಿಷಯದಷ್ಟೇ ತೂಕ ಇನ್ನೊಂದಕ್ಕೆ ಇದೆ, ಅದು ಕ್ಯಾಪ್ಟನ್ ಜೊತೆ ನೀನು ಹೇಗೆ ಕೆಲಸ ಮಾಡುತ್ತೀ ಎಂಬುದು. "ಕ್ಯಾಪ್ಟನ್ ತಪ್ಪಾಗಿ ಇಳಿಸುತ್ತಿದ್ದಾರೆ, ನೀವು ಹೇಳಿದರೂ ಕೇಳುತ್ತಿಲ್ಲ, ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಯಾವ ರೂಪದಲ್ಲಾದರೂ ಬರುತ್ತದೆ. ಕರ್ನಾಟಕದವರಾದ ನಾವು ಇದಕ್ಕೆ ಉತ್ತರಿಸುವ ಮೊದಲು 2010ರ ಮೇ 22ರ ಮಂಗಳೂರು ದುರಂತವನ್ನು ಓದಿರಲೇಬೇಕು. ದುಬೈನಿಂದ ಬಂದ ಬೋಯಿಂಗ್ 737ರಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ಹೆಚ್ಚಿನ ವೇಗದಲ್ಲಿ ಬಂದಿತ್ತು. ಫಸ್ಟ್ ಆಫೀಸರ್ ಮೂರು ಬಾರಿ ಗೋ ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಎಂದು ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದರು ಎಂದು ತನಿಖಾ ವರದಿ ಹೇಳುತ್ತದೆ. ಗೋ ಅರೌಂಡ್ ಆರಂಭಿಸುವ ವಿಷಯದಲ್ಲಿ ಕೋ ಪೈಲಟ್‌ಗೆ ಇದ್ದ ಸೂಚನೆಗಳು ಸ್ಪಷ್ಟವಾಗಿರಲಿಲ್ಲ, ಬಹುಶಃ ಅದರಿಂದಲೇ ಅವರು ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲ ಎಂಬುದೂ ಅದರಲ್ಲಿದೆ.

ಆದ್ದರಿಂದ "ನಾನು ಕ್ಯಾಪ್ಟನ್‌ಗೆ ಗೌರವದಿಂದ ತಿಳಿಸುತ್ತೇನೆ" ಎಂದಷ್ಟೇ ಹೇಳಿ ನಿಲ್ಲಿಸಬಾರದು. ನಮ್ಮ ಭಾಗದ ಮಕ್ಕಳಿಗೆ ಹಿರಿಯರ ಎದುರು ದನಿ ಎತ್ತಬಾರದು ಎಂದು ಕಲಿಸಿರುತ್ತಾರೆ, ಅದು ಒಳ್ಳೆಯ ಗುಣವೇ. ಆದರೆ ಕಾಕ್‌ಪಿಟ್‌ನಲ್ಲಿ ಅದೇ ಗುಣ ಬಾಯಿ ಕಟ್ಟಿದರೆ ಹಿಂದೆ ಕುಳಿತವರ ಪ್ರಾಣ ಹೋಗುತ್ತದೆ. ಮೊದಲು ಕೇಳಿ ಗಮನ ಸೆಳೆಯಬೇಕು, ನಂತರ ತಪ್ಪಿರುವ ಸಂಖ್ಯೆಯನ್ನು ಸ್ಪಷ್ಟವಾಗಿ ಹೇಳಿ ಎಚ್ಚರಿಸಬೇಕು, ನಂತರ ಗೋ ಅರೌಂಡ್ ಎಂದು ನೇರವಾಗಿ ಹೇಳಬೇಕು, ಆಗಲೂ ಪ್ರತಿಕ್ರಿಯೆ ಇಲ್ಲದಿದ್ದರೆ ಸಂಸ್ಥೆಯ ನಿಯಮದಂತೆ ಕಂಟ್ರೋಲ್ ತೆಗೆದುಕೊಳ್ಳಬೇಕು. ಈ ಮೆಟ್ಟಿಲುಗಳ ನಡುವೆ ಸಿಗುವುದು ಸೆಕೆಂಡುಗಳು ಮಾತ್ರ ಎಂಬುದನ್ನೂ ಹೇಳು.

ರೈತ ತಂದೆ (ಸುರಪುರ)

ನಮಸ್ಕಾರ್ರೀ. ನನ್ನ ಮಗಳು ಕಲಬುರಗಿ ವಿಮಾನ ನಿಲ್ದಾಣದಲ್ಲಿನ ತರಬೇತಿ ಶಾಲೆಯಲ್ಲಿ ಹಾರಾಟ ಕಲಿಯುತ್ತಿದ್ದಾಳೆ. ಸಾಲ ಮಾಡಿ ಓದಿಸುತ್ತಿದ್ದೇವೆ. ಈಗಲೇ ಒಬ್ಬರು ಫೋನ್ ಮಾಡಿ, ಇಂತಿಷ್ಟು ಕೊಟ್ಟರೆ ದೊಡ್ಡ ಕಂಪನಿಯಲ್ಲಿ ಸೀಟು ಕೊಡಿಸುತ್ತೇವೆ, ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಕೂಡ ನಾವೇ ಮಾಡಿಸುತ್ತೇವೆ ಎನ್ನುತ್ತಿದ್ದಾರೆ. ನಂಬಬಹುದೇ? ದಾಖಲೆಗಳಲ್ಲಿ ಏನನ್ನು ಮೊದಲೇ ಸರಿಮಾಡಿಟ್ಟುಕೊಳ್ಳಬೇಕು?

ಭೀಮಾ ಕಣಿವೆ

ಅಪ್ಪಾಜಿ, ಆ ಫೋನಿಗೆ ಉತ್ತರ ಕೊಡಬೇಡಿ. ಆಯ್ಕೆಯ ಪ್ರಕಟಣೆಗಳು ವಿಮಾನ ಸಂಸ್ಥೆಗಳ ಸ್ವಂತ ಜಾಲತಾಣದಲ್ಲಿ ಬರುತ್ತವೆ, ಅರ್ಜಿಯನ್ನು ಅಲ್ಲಿಯೇ ಹಾಕಬೇಕು. ಹಣ ಪಡೆದು ಸೀಟು ಕೊಡಿಸುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಟೈಪ್ ರೇಟಿಂಗ್‌ಗೆ ದೊಡ್ಡ ಮೊತ್ತ ಬೇಕಾಗುತ್ತದೆ, ನಿಜ. ಆದರೆ ಮಗಳು ಯಾವ ಸಂಸ್ಥೆ ಸೇರುತ್ತಾಳೆ, ಅಲ್ಲಿ ಏರ್‌ಬಸ್ ಇದೆಯೋ ಬೋಯಿಂಗ್ ಇದೆಯೋ ಎಟಿಆರ್ ಇದೆಯೋ ಎಂಬುದು ತಿಳಿಯುವ ಮುನ್ನ ಅದಕ್ಕೆ ಹಣ ಕಟ್ಟುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ದಾಖಲೆಗಳ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಮಕ್ಕಳಿಗೆ ಹೆಚ್ಚು ತೊಂದರೆ ಕೊಡುವುದು ಹೆಸರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮಗಳ ಹೆಸರಿನ ಜೊತೆ ತಂದೆಯ ಹೆಸರು, ಆಧಾರ್‌ನಲ್ಲಿ ಮನೆತನದ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದು, ಹೀಗೆ ಮೂರು ಕಡೆ ಮೂರು ರೀತಿ ಇರುತ್ತದೆ. ಲೈಸೆನ್ಸ್ ಬರುವುದಕ್ಕೆ ಮೊದಲೇ ಎಲ್ಲವನ್ನೂ ಅಂಕಪಟ್ಟಿಯಂತೆ ಒಂದೇ ರೀತಿ ಮಾಡಿಸಿಬಿಡಿ. ಲಾಗ್‌ಬುಕ್ ಅನ್ನು ಪ್ರತಿ ಹಾರಾಟದ ದಿನವೇ ಬರೆಯಲಿ, ಪ್ರತಿ ಪುಟದ ಕೆಳಗಿನ ಮೊತ್ತವನ್ನು ಎರಡು ಸಲ ಕೂಡಿ ನೋಡಲಿ. ಒಟ್ಟು 200 ಗಂಟೆ, ಅದರಲ್ಲಿ ಪೈಲಟ್ ಇನ್ ಕಮಾಂಡ್ ಆಗಿ 100 ಗಂಟೆ, ಕ್ರಾಸ್ ಕಂಟ್ರಿ 20 ಗಂಟೆ, ಇನ್‌ಸ್ಟ್ರುಮೆಂಟ್ 10 ಗಂಟೆ, ರಾತ್ರಿ 5 ಗಂಟೆ ಎಂಬ ಲೆಕ್ಕವನ್ನು ಸಂದರ್ಶನದ ದಿನ ಪುಟ ತಿರುಗಿಸಿ ಪರಿಶೀಲಿಸುತ್ತಾರೆ. ಕ್ಲಾಸ್ ಒನ್ ವೈದ್ಯಕೀಯ ಪ್ರಮಾಣಪತ್ರ ಅವಳ ವಯಸ್ಸಿಗೆ ಒಂದು ವರ್ಷ ಮಾತ್ರ ಊರ್ಜಿತ. ಅದರ ಕೊನೆಯ ದಿನಾಂಕ ಆಯ್ಕೆಯ ನಡುವೆ ಬರದಂತೆ ನೋಡಿಕೊಳ್ಳಿ.

ಶಹಾಬಾದ ಕಲ್ಲು (ಕಲಬುರಗಿ)

ಆಪ್ಟಿಟ್ಯೂಡ್ ಪರೀಕ್ಷೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸಂಕ್ಷೇಪವಾಗಿ ತಿಳಿಸುತ್ತೇನೆ. ಜಾಯ್‌ಸ್ಟಿಕ್‌ನಿಂದ ಒಂದು ಗುರುತನ್ನು ನಡುವೆ ನಿಲ್ಲಿಸುತ್ತಾ, ಕಿವಿಗೆ ಬೀಳುವ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುತ್ತಾ, ಮಧ್ಯೆ ಬರುವ ಸಣ್ಣ ಲೆಕ್ಕಗಳನ್ನು ಬಿಡಿಸುವಂಥ ಕೆಲಸಗಳು ಇರುತ್ತವೆ. ಮೊದಲ ಸಲ ನೋಡಿದಾಗ ಕೈಕಾಲು ಆಡುವುದಿಲ್ಲ, ರೂಢಿ ಮಾಡಿದರೆ ಬಹಳ ಸುಧಾರಿಸುತ್ತದೆ. ಕ್ಯಾಲ್ಕ್ಯುಲೇಟರ್ ಬಿಟ್ಟು ಗುಣಾಕಾರ, ಶೇಕಡಾವಾರು, ವೇಗ-ದೂರ-ಕಾಲದ ಲೆಕ್ಕಗಳನ್ನು ದಿನವೂ ಮಾಡಿ. ವ್ಯಕ್ತಿತ್ವದ ಪ್ರಶ್ನಾವಳಿಯಲ್ಲಿ ಅವರಿಗೆ ಇಷ್ಟವಾಗುವ ಉತ್ತರವನ್ನು ಹುಡುಕಬೇಡಿ. ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಿ ಉತ್ತರಗಳು ಹೊಂದುತ್ತವೆಯೇ ಎಂದು ನೋಡುತ್ತಾರೆ.

ಸೇಡಂ ಸೀಮೆ

ಅಕ್ಕಾ, ಮಂಗಳೂರಿನ ವಿಷಯ ಓದಿ ತುಂಬ ಹೊತ್ತು ಯೋಚಿಸಿದೆ. ತರಬೇತಿಯಲ್ಲಿ ನಮಗೆ ಕಲಿಸಿದ್ದೆಲ್ಲ ಒಬ್ಬನೇ ಹಾರಿಸುವುದನ್ನು, ಇಬ್ಬರು ಸೇರಿ ಹಾರಿಸುವುದರ ಬಗ್ಗೆ ಈಗ ಓದಲು ಶುರು ಮಾಡಿದ್ದೇನೆ. ಬೋಧಕ ಸರ್, ಸಿಮ್ಯುಲೇಟರ್ ಪರೀಕ್ಷೆಯ ಬಗ್ಗೆ ತಾವು ಹೇಳಬೇಕು. ನಾನು ಜೆಟ್ ವಿಮಾನದ ಸೀಟಿನಲ್ಲಿ ಕುಳಿತವನೇ ಅಲ್ಲ.

ಹಳೆಯ ಬೋಧಕ

ನಿನಗೆ ಆ ವಿಮಾನ ಗೊತ್ತಿಲ್ಲ ಎಂಬುದು ಪರೀಕ್ಷಕರಿಗೆ ಗೊತ್ತಿದೆ. ಸಾಮಾನ್ಯವಾಗಿ ಮೊದಲೇ ಒಂದು ಹಾಳೆ ಕೊಡುತ್ತಾರೆ: ಇಂಥ ವೇಗಕ್ಕೆ ಇಷ್ಟು ಪಿಚ್ (ವಿಮಾನದ ಮೂಗಿನ ಕೋನ), ಇಷ್ಟು ಪವರ್. ಆ ಸಂಖ್ಯೆಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಿರಬೇಕು. ಫ್ಲೈಟ್ ಡೈರೆಕ್ಟರ್ (ಹೇಗೆ ಹಾರಿಸಬೇಕೆಂದು ತೋರಿಸುವ ಗೆರೆಗಳು) ಮತ್ತು ಆಟೋಪೈಲಟ್ ಇಲ್ಲದೆ ನೇರ ಹಾರಾಟ, ತಿರುವು, ಏರಿಳಿತ, ಒಂದು ಹೋಲ್ಡ್ (ಒಂದೆಡೆ ಸುತ್ತುತ್ತಾ ಕಾಯುವುದು), ಕೊನೆಗೆ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೋ ವ್ಯವಸ್ಥೆ) ಮೇಲೆ ಇಳಿಯುವುದು ಇರುತ್ತದೆ. ಪಿಚ್ ಮತ್ತು ಪವರ್ ಇಟ್ಟು, ಟ್ರಿಮ್ ಮಾಡಿ, ಕೈ ಸಡಿಲಿಸಿ, ಕಣ್ಣನ್ನು ಆಟಿಟ್ಯೂಡ್ ಇಂಡಿಕೇಟರ್‌ನಿಂದ ಬೇರೆ ಉಪಕರಣಕ್ಕೆ ಒಯ್ದು ಮರಳಿ ಅಲ್ಲಿಗೇ ತರಬೇಕು. ಜೆಟ್ ಎಂಜಿನ್ ಪವರ್ ಕೊಡಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ವಿಮಾನದ ತೂಕವೂ ಹೆಚ್ಚು. ಸೆಸ್ನಾದಂತೆ ಸೂಜಿಯ ಹಿಂದೆ ಓಡಿದರೆ ಒಂದು ತಿದ್ದುಪಡಿ ಇನ್ನೊಂದು ತಪ್ಪನ್ನು ಹುಟ್ಟಿಸುತ್ತದೆ.

ನೂರು ಅಡಿ ತಪ್ಪಿತು ಎಂದುಕೋ. ಅದರಿಂದಲೇ ಯಾರೂ ನಿನ್ನನ್ನು ಹೊರಗೆ ಕಳುಹಿಸುವುದಿಲ್ಲ. ಅದನ್ನು ನೀನು ಕಂಡೆಯೋ, ಬಾಯಿಬಿಟ್ಟು ಹೇಳಿದೆಯೋ, ಮೆಲ್ಲಗೆ ಸರಿಪಡಿಸಿದೆಯೋ, ಮೊದಲ ಸಲ ಹೇಳಿಕೊಟ್ಟದ್ದನ್ನು ಎರಡನೆಯ ಸಲ ಮಾಡಿದೆಯೋ ಎಂದು ನೋಡುತ್ತಾರೆ. ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಅಭ್ಯರ್ಥಿ ಹಾರಿಸುವಾಗ ನೀನು ಸುಮ್ಮನೆ ಕುಳಿತರೆ ಅದೂ ಅಂಕಕ್ಕೆ ಬರುತ್ತದೆ. ಅವನ ವೇಗ ಇಳಿಯುತ್ತಿದ್ದರೆ ಹೇಳಬೇಕು. ಅವನು ಸ್ಪರ್ಧಿ ಎಂದು ಬಗೆದು ಬಾಯಿ ಮುಚ್ಚಿಕೊಂಡವರನ್ನು ನಾನಾಗಿದ್ದರೆ ತೆಗೆದುಕೊಳ್ಳುವುದಿಲ್ಲ.

ಲೆಕ್ಕಗಳು ಕೈಯಲ್ಲಿರಲಿ. ಮೂರು ಡಿಗ್ರಿಯ ಇಳಿಕೆಗೆ ನೆಲದ ವೇಗವನ್ನು ಐದರಿಂದ ಗುಣಿಸು: 140 ನಾಟ್‌ಗೆ ನಿಮಿಷಕ್ಕೆ 700 ಅಡಿ. ಇಳಿಕೆ ಎಲ್ಲಿ ಆರಂಭಿಸಬೇಕು ಎನ್ನಲು ಕಳೆಯಬೇಕಾದ ಎತ್ತರವನ್ನು ಸಾವಿರದ ಲೆಕ್ಕದಲ್ಲಿ ಮೂರರಿಂದ ಗುಣಿಸು: 35,000ದಿಂದ 1,500 ಅಡಿಗೆ ಬರಲು 33.5 ಗುಣಿಸು 3, ಸುಮಾರು 100 ನಾಟಿಕಲ್ ಮೈಲಿ, ವೇಗ ಇಳಿಸಲು ಇನ್ನೊಂದು 10. ಈಗ ನೀನು ಇದನ್ನು ಮಾಡು: ರನ್‌ವೇ 27, ಗಾಳಿ 240 ಡಿಗ್ರಿಯಿಂದ 20 ನಾಟ್, ಆಗಾಗ 30ಕ್ಕೆ ಏರುತ್ತಿದೆ. ಅಡ್ಡಗಾಳಿ ಎಷ್ಟು?

ಸೇಡಂ ಸೀಮೆ

ಸರ್, ರನ್‌ವೇಯ ದಿಕ್ಕು 270, ಗಾಳಿ 240, ಕೋನ 30 ಡಿಗ್ರಿ. ಮೂವತ್ತು ಡಿಗ್ರಿಯ ಸೈನ್ ಅರ್ಧ, ಆದ್ದರಿಂದ 20 ನಾಟ್‌ಗೆ ಅಡ್ಡಗಾಳಿ 10 ನಾಟ್, ಎಡಗಡೆಯಿಂದ. ಎದುರುಗಾಳಿ ಸುಮಾರು 17 ನಾಟ್. ಗಾಳಿ 30ಕ್ಕೆ ಏರಿದಾಗ ಅಡ್ಡಗಾಳಿ 15 ನಾಟ್ ಆಗುತ್ತದೆ. ಸೆಸ್ನಾ 172ರಲ್ಲಿ ಪ್ರದರ್ಶಿಸಿದ ಗರಿಷ್ಠ ಅಡ್ಡಗಾಳಿ 15 ನಾಟ್, ಹಾಗಾಗಿ ಅದು ಅಂಚಿನಲ್ಲಿದೆ.

ಹಳೆಯ ಬೋಧಕ

ಸರಿಯಾಗಿದೆ. ಎಡಗಡೆಯಿಂದ ಎಂದು ಕೇಳದೆಯೇ ಹೇಳಿದ್ದು ನನಗೆ ಹಿಡಿಸಿತು. ಇನ್ನು ಇದರ ಕೆಳಗಿನ ಮೆಟ್ಟಿಲು: ಆ 240 ಡಿಗ್ರಿ ಎಂಬುದು ನಿಜವಾದ ಉತ್ತರ ದಿಕ್ಕಿನಿಂದಲೋ ಕಾಂತೀಯ ಉತ್ತರ ದಿಕ್ಕಿನಿಂದಲೋ? ಮೆಟಾರ್‌ನಲ್ಲಿ (ವಿಮಾನ ನಿಲ್ದಾಣದ ಹವಾಮಾನ ವರದಿ) ಓದಿದ್ದಾದರೆ ನಿಜವಾದ ಉತ್ತರ, ಟವರ್ ಹೇಳಿದ್ದಾದರೆ ಕಾಂತೀಯ ಉತ್ತರ. ರನ್‌ವೇಯ ಸಂಖ್ಯೆ ಕಾಂತೀಯ ಉತ್ತರದ್ದು. ನಮ್ಮ ಭಾಗದಲ್ಲಿ ಎರಡರ ನಡುವಿನ ವ್ಯತ್ಯಾಸ ಬಹಳ ಕಡಿಮೆಯಾದ್ದರಿಂದ ನಿನ್ನ ಲೆಕ್ಕ ಬದಲಾಗುವುದಿಲ್ಲ, ಆದರೆ ಕೇಳಿದರೆ ಹೇಳಲು ಬರಬೇಕು. ಅದರ ಜೊತೆಗೆ, ಪ್ರದರ್ಶಿಸಿದ ಗರಿಷ್ಠ ಎಂಬುದು ವಿಮಾನದ ಮಿತಿಯೇ ಅಥವಾ ಪರೀಕ್ಷಾ ಹಾರಾಟದಲ್ಲಿ ಕಂಡ ಗಾಳಿಯೇ ಎಂಬುದನ್ನು ನಿನ್ನ ವಿಮಾನದ ಕೈಪಿಡಿ ತೆರೆದು ಓದಿ ಬಂದು ಇಲ್ಲಿಯೇ ಬರೆ.

ಸೇಡಂ ಸೀಮೆ

ಓದಿದೆ ಸರ್. ಕೈಪಿಡಿಯಲ್ಲಿ ಅದನ್ನು ಮಿತಿಗಳ ಅಧ್ಯಾಯದಲ್ಲಿ ಕೊಟ್ಟಿಲ್ಲ. ಪ್ರಮಾಣೀಕರಣದ ಪರೀಕ್ಷೆಯಲ್ಲಿ ಆ ಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ ಎಂದಷ್ಟೇ ಅದರ ಅರ್ಥ. ಆದರೂ ತರಬೇತಿ ಶಾಲೆ ಅಥವಾ ವಿಮಾನ ಸಂಸ್ಥೆ ತನ್ನ ಪೈಲಟ್‌ಗಳಿಗೆ ಅದನ್ನೇ ಅಥವಾ ಅದಕ್ಕಿಂತ ಕಡಿಮೆಯ ಸಂಖ್ಯೆಯನ್ನು ಮಿತಿಯೆಂದು ನಿಗದಿ ಮಾಡಿದ್ದರೆ ನಾನು ಪಾಲಿಸಬೇಕಾದ್ದು ಆ ಮಿತಿಯನ್ನು. ನಾಳೆಯಿಂದ ದಿನಕ್ಕೊಂದು ವಿಷಯವನ್ನು ಹೀಗೆ ಮೂರು ಮೆಟ್ಟಿಲಿನಂತೆ ಇಲ್ಲಿ ಬರೆಯುತ್ತೇನೆ, ಮೊದಲನೆಯದು ಹೋಲ್ಡಿಂಗ್ ಎಂಟ್ರಿಗಳು. ತಪ್ಪಿದ್ದಲ್ಲಿ ತಾವೆಲ್ಲರೂ ತಿದ್ದಬೇಕು.